ನೆಕ್ಸ್ಟ್ ಒತ್ತಿ

ಶೀನ ಕಂಪ್ಯೂಟರ್ ಮುಂದಿಂದ ಕತ್ತೆತ್ತದೇ "ಫೋಟೋಗೆ ಎಷ್ಟು ಬೆಳಕು ಬಿಡ್ಬೇಕು ಅನ್ನೋ ಎಕ್ಸ್‌ಪೋಶರ್ ಪಾಠ ಮುಗೀತು ಕಣ್ರೋ, ಫುಲ್ ಮಾರ್ಕ್ಸು" ಅಂದ.

"ಯಾರು ಕೊಟ್ರು?" ಅಂದ ನಾಣಿ.

"ಸಾಫ್ಟ್‌ವೇರು."

ಫೋಟೋ ತೆಗೆಯೋದು ಕಲಿಸೋ ಸಾಫ್ಟ್‌ವೇರು ಅದು, ಒಂದೊಂದು ಪಾಠಕ್ಕೂ ಚಪ್ಪಾಳೆ ಬೇರೆ ತಟ್ಟುತ್ತೆ. ನಮ್ಮ ಮೇಷ್ಟ್ರುಗಳಿಗೆ ಈ ಬುದ್ಧಿ ಇದ್ದಿದ್ರೆ ನಾವೆಲ್ಲಾ ಎಲ್ಲೋ ಇರ್ತಿದ್ವಿ.

"ಹಂಗಾದ್ರೆ ಹೇಳು, ಎಫ್ ನಂಬರ್ ದೊಡ್ಡದಾದ್ರೆ ಲೆನ್ಸಲ್ಲಿ ಬೆಳಕು ಬರೋ ತೂತು ಯಾಕೆ ಚಿಕ್ಕದಾಗುತ್ತೆ?"

"ಫೋಕಲ್ ಲೆಂತನ್ನ ಆ ನಂಬರಿಂದ ಭಾಗಿಸಿದ್ರೆ ತೂತಿನ ಅಗಲ. 50 ಎಂಎಂ ಲೆನ್ಸಲ್ಲಿ ಎಫ್ 2 ಅಂದ್ರೆ 25 ಎಂಎಂ. ಎಫ್ 2.8ರಿಂದ ಎಫ್ 4ಕ್ಕೆ ಹೋದ್ರೆ ಬೆಳಕು ಅರ್ಧ."

ನಾಣಿ ಸುಮ್ಮನಾದ. ಶೀನಂಗೆ ಹುಮ್ಮಸ್ಸು ಬಂತು, ಪರದೆ ಮೇಲೆ ಉಯ್ಯಾಲೆ ಆಡ್ತಿರೋ ಒಂದು ಹುಡುಗಿ ತೋರಿಸಿದ. ಶಟರ್, ಅಂದ್ರೆ ಬೆಳಕಿಗೆ ಬಾಗಿಲು ತೆಗೆದಿರೋ ಹೊತ್ತು, 1/15 ಸೆಕೆಂಡಿಗೆ ಎಳೆದ್ರೆ ಹುಡುಗಿ ಕಲಸಿಹೋಗ್ತಾಳೆ, 1/500ಕ್ಕೆ ಎಳೆದ್ರೆ ಜಡೆ ತುದಿಯ ಒಂದೊಂದು ಕೂದಲೂ ಗಾಳೀಲಿ ನಿಲ್ಲುತ್ತೆ.

"ಎಷ್ಟೊತ್ತಿಂದ ಆಡ್ತಿದಾಳೋ ಪಾಪ?" ಅಂದೆ ನಾನು.

"ನೆಕ್ಸ್ಟ್ ಒತ್ತೋವರೆಗೂ ಆಡ್ತಾಳೆ."

"ಬರೋದು ಅಲ್ಲೇ ನೋಡು ಎಡವಟ್ಟು. ನಿಜವಾದ ಹುಡುಗಿ ಆಗಿದ್ರೆ ನೀನು ಬೆಳಕಿನ ಸೂಕ್ಷ್ಮತೆ ಹೇಳೋ ಐಎಸ್‌ಓ ಹುಡುಕೋಷ್ಟರಲ್ಲಿ ಉಯ್ಯಾಲೆ ಇಳಿದು, ಸ್ಕೂಲು ಕಾಲೇಜು ಮುಗಿಸಿ, ಮದುವೆ ಆಗಿ ಹೋಗಿರ್ತಾಳೆ."

"ಫೋನಿದ್ಯಲ್ಲೋ, ಎಲ್ಲಾ ಅದೇ ಮಾಡ್ಕೊಳುತ್ತೆ" ಅಂದ ಸುಬ್ಬು. ಶೀನಂಗೆ ಉರಿದುಹೋಯ್ತು. "ಏನೂ ಕಲೀದೇ ತೆಗೆದ್ರೆ ಅದು ಫೋಟೋನೇ ಅಲ್ಲ. ಇತಿಹಾಸ ಗೊತ್ತಾ? 1975ರಲ್ಲಿ ಕೊಡ್ಯಾಕ್‌ನಲ್ಲಿ ಸ್ಟೀವನ್ ಸ್ಯಾಸನ್ ಮಾಡಿದ ಡಿಜಿಟಲ್ ಕ್ಯಾಮೆರಾ 0.01 ಮೆಗಾಪಿಕ್ಸೆಲ್, ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯೋಕೆ 23 ಸೆಕೆಂಡು!"

"ಆದ್ರೂ ನಿನಗಿಂತ ಫಾಸ್ಟು" ಅಂದೆ.

ಮುಂದಿನದು ಪೋರ್ಟ್ರೇಟ್ ಪಾಠ, ಅದರಲ್ಲೊಬ್ಬ ಮುದುಕ. ಕಿಟಕಿ ಬೆಳಕು ಬಲಕ್ಕೆ, ಎಡಕ್ಕೆ, ಸ್ವಲ್ಪ ಹಿಂದಕ್ಕೆ ಅಂತ ಶೀನ ಆಡಿಸ್ತಾನೇ ಇದ್ದ, ಆ ಮುದುಕನ ಹಣೆ ಮೇಲಿನ ಗೆರೆಗಳೆಲ್ಲಾ ಇವನಿಗೆ ಬಾಯಿಪಾಠ ಆಗಿರಬೇಕು.

ನಾಣಿ ಮೆಲ್ಲಗೆ ಕೇಳ್ದ, "ನಿಮ್ಮಪ್ಪ ಒಂದು ಫೋಟೋ ತೆಗಿ ಅಂತಿದ್ರಲ್ಲೋ, ತೆಗೆದ್ಯಾ?"

"ಈ ಪಾಠ ಒಂದು ಮುಗೀಲಿ ಅಂತ..."

ಯಾರೂ ನಗಲಿಲ್ಲ. ಅವರಿಗೆ ಈಗೀಗ ಎದ್ದು ಓಡಾಡೋಕೇ ಆಗ್ತಿಲ್ಲ, ನಮಗೆಲ್ಲಾ ಗೊತ್ತಿರೋದೇ.

"ಪರದೆ ಮೇಲಿರೋ ಮುದುಕಂಗೆ ಏನೂ ಅರ್ಜೆಂಟಿಲ್ಲ ಬಿಡು" ಅಂದೆ. "ಕ್ಯಾಮೆರಾ ತಗೋ, ನಡಿ."

ತಂದ. ಗುಂಡಿ ಒತ್ತಿದ. ಇನ್ನೊಂದ್ಸಲ ಒತ್ತಿದ. ಜೀವ ಇಲ್ಲ.

"ಬ್ಯಾಟರಿ ಚಾರ್ಜ್ ಮಾಡೋದು ಎಷ್ಟನೇ ಪಾಠನೋ?" ಅಂದ ಸುಬ್ಬು.

ಅಷ್ಟರಲ್ಲಿ ನಾಣಿ ಹೋಗಿ ಶೀನನ ಅಪ್ಪನ್ನ ಕೈ ಹಿಡಿದು ಜಗಲಿಗೆ ಕರ್ಕೊಂಡು ಬಂದು ಕುರ್ಚಿ ಮೇಲೆ ಕೂರಿಸೇಬಿಟ್ಟಿದ್ದ. ಅವರು ಕನ್ನಡಕ ತೆಗೀಲೋ ಬೇಡ್ವೋ ಅಂತ ಕೇಳ್ತಿದ್ರು.

"ಒಳ್ಳೆ ಬಿಸಿಲಿದೆ, ಎಫ್ 16 ಇಟ್ರೆ ಐಎಸ್‌ಓ 100ಕ್ಕೆ ಶಟರ್ 1/100..." ಅಂತ ಶೀನ ಶುರು ಹಚ್ಕೊಂಡ.

"ಮಾರಾಯ, ಸುಬ್ಬು ಫೋನ್ ಈಸ್ಕೋ!"