ಓ2 ಹಾಕಿದ್ರೆ ಕೋಡ್ ಕೆಡುತ್ತಾ? ಬ್ಯಾಚ್ ಗ್ರೂಪಲ್ಲಿ ಜಟಾಪಟಿ

— ಮೇಲೆ ಹಾಕಿರೋ ಪೋಸ್ಟ್ ಓದಿ ಎಲ್ರೂ. ಓ0ನಲ್ಲಿ (ಕಂಪೈಲರ್ ಆಪ್ಟಿಮೈಸೇಷನ್ ಇಲ್ದೆ) ಸರಿಯಾಗಿ ಓಡೋ ಸಿ ಕೋಡು ಓ2 (ಕೋಡ್ ವೇಗ ಮಾಡೋ ಆಪ್ಟಿಮೈಸೇಷನ್) ಹಾಕಿದ ತಕ್ಷಣ ತಪ್ಪು ಉತ್ತರ ಕೊಡುತ್ತಂತೆ. ಅದಕ್ಕೇ ನಾನು ಹೇಳೋದು, ರಿಲೀಸ್ ಬಿಲ್ಡಲ್ಲಿ ಆಪ್ಟಿಮೈಸೇಷನ್ ಆಫ್ ಮಾಡಿಬಿಡಿ, ಕಂಪೈಲರ್ ನಂಬೋಕಾಗಲ್ಲ

— ಮಗಾ ಆ ಕೋಡ್ ನೋಡಿದ್ಯಾ ನೀನು? ಫ್ಲೋಟ್ (ದಶಮಾಂಶ ಸಂಖ್ಯೆ) ವೇರಿಯಬಲ್ ಅಡ್ರೆಸ್ಸನ್ನ ಬಲವಂತವಾಗಿ ಇಂಟ್ (ಪೂರ್ಣಾಂಕ) ಪಾಯಿಂಟರ್‌ಗೆ ಕ್ಯಾಸ್ಟ್ ಮಾಡಿ ಅದ್ರಲ್ಲಿ ಬರ್ದಿದಾನೆ, ಮುಂದಿನ ಲೈನಲ್ಲೇ ಫ್ಲೋಟ್ ಓದ್ತಾನೆ. ಇಂಟ್ ಮೂಲಕ ಬರೆದ್ರೆ ಫ್ಲೋಟ್ ಬದಲಾಗಲ್ಲ ಅಂತ ಕಂಪೈಲರ್ ಅಂದ್ಕೊಳ್ಳೋಕೆ ಸಿ ಸ್ಟ್ಯಾಂಡರ್ಡೇ ಬಿಟ್ಟಿದೆ, ಈ ಊಹೆಗೇ ಸ್ಟ್ರಿಕ್ಟ್ ಅಲಿಯಾಸಿಂಗ್ ಅಂತಾರೆ, ಓ2ನಲ್ಲಿ ಜಿಸಿಸಿ ಕಂಪೈಲರ್ ಅದನ್ನ ಬಳಸ್ಕೊಂಡು ರಿಜಿಸ್ಟರಲ್ಲಿರೋ ಹಳೇ ಬೆಲೆಯನ್ನೇ ಕೊಡುತ್ತೆ. ಬಗ್ ಮೊದ್ಲಿಂದ್ಲೂ ಕೋಡಲ್ಲೇ ಇತ್ತು ಕಣೋ

— ಹಂಗಾದ್ರೆ ಲಿನಕ್ಸ್ ಕರ್ನಲ್ಲೇ ಯಾಕೆ ಆ ಊಹೆ ಆಫ್ ಮಾಡೋ ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಫ್ಲ್ಯಾಗ್ ಹಾಕ್ಕೊಂಡು ಬಿಲ್ಡ್ ಆಗುತ್ತೆ? ಅವ್ರಿಗೂ ಸಿ ಬರಲ್ವಾ?

— ಆ ಒಂದು ಊಹೆ ಬೇಡ ಅಂದಿದಾರೆ ಅಷ್ಟೇ, ಓ2 ಬಿಟ್ಟಿಲ್ಲ. ಇಂಥದ್ದೇ ಇನ್ನೊಂದು ಊಹೆ, 2009ರಲ್ಲಿ ಕರ್ನಲ್‌ನ ಟನ್ (ವರ್ಚುವಲ್ ನೆಟ್‌ವರ್ಕ್) ಡ್ರೈವರ್ ವಿಷ್ಯ ನೋಡು: ಪಾಯಿಂಟರ್ ಒಳಗಿಂದ ಫೀಲ್ಡ್ ಮೊದ್ಲೇ ಓದಿ, ಆಮೇಲೆ ಆ ಪಾಯಿಂಟರ್ ನಲ್ (ಎಲ್ಲಿಗೂ ತೋರಿಸದ್ದು) ಆಗಿದ್ಯಾ ಅಂತ ಚೆಕ್ ಮಾಡಿದ್ರು. ಓದಿ ಆಗಿದೆ ಅಂದ್ಮೇಲೆ ನಲ್ ಇರೋಕೆ ಸಾಧ್ಯನೇ ಇಲ್ಲ ಅಂತ ಜಿಸಿಸಿ ಚೆಕ್ಕನ್ನೇ ತೆಗೆದುಹಾಕ್ತು, ಅದನ್ನ ಹಿಡ್ಕೊಂಡು ರೂಟ್ (ಸಿಸ್ಟಮ್ ಮೇಲೆ ಪೂರ್ತಿ ಹಿಡಿತ) ತಗೊಳ್ಳೋ ಎಕ್ಸ್‌ಪ್ಲಾಯ್ಟೂ ಬಂತು. ಕರ್ನಲ್‌ನವ್ರು ಚೆಕ್ ತೆಗೀಬೇಡ ಅನ್ನೋ ಫ್ಲ್ಯಾಗ್ ಸೇರಿಸಿದ್ರು, ಜೊತೆಗೆ ಆ ಡ್ರೈವರ್ ಕೋಡನ್ನೂ ಸರಿ ಮಾಡಿದ್ರು. ಎರಡನೇದನ್ನ ಯಾರೂ ಹೇಳಲ್ಲ ನೋಡು

— ಇಬ್ರೂ ಸ್ವಲ್ಪ ತಡೀರೋ. ವರ್ಷಗಟ್ಟಲೆ ಓಡಿದ ಕೋಡು ಕಂಪೈಲರ್ ಅಪ್‌ಗ್ರೇಡ್ ಮಾಡಿದ್ರೆ ಕೈ ಕೊಡುತ್ತೆ, ಒಂದು ವಾರ್ನಿಂಗೂ ಬರಲ್ಲ ಅಂದ್ರೆ ಪ್ರೋಗ್ರಾಮರ್‌ನ ಮಾತ್ರ ಬೈಯೋದು ನ್ಯಾಯನಾ?

— ನೀನು ಹೇಳೋದು ಸರಿ, ವಾರ್ನಿಂಗ್ ಸಾಲಲ್ಲ. ಯುಬಿಸ್ಯಾನ್ (ಕೋಡ್ ಓಡುವಾಗ ಇಂಥ ತಪ್ಪು ಹಿಡಿಯೋ ಟೂಲ್) ಹಾಕಿದ್ರೆ ಸೈನ್ಡ್ ಓವರ್‌ಫ್ಲೋ, ತಪ್ಪು ಶಿಫ್ಟ್ ಸಿಗುತ್ತೆ, ಅಲಿಯಾಸಿಂಗ್ ಸಿಗಲ್ಲ. ಅದಕ್ಕೆ -ವಾಲ್ (ವಾರ್ನಿಂಗ್‌ಗಳನ್ನ ಆನ್ ಮಾಡೋ ಫ್ಲ್ಯಾಗ್) ಜೊತೆ ಬರೋ ಸ್ಟ್ರಿಕ್ಟ್ ಅಲಿಯಾಸಿಂಗ್ ವಾರ್ನಿಂಗ್ ಇದೆ, ಎಲ್ಲಾ ಹಿಡಿಯಲ್ಲ, ಆದ್ರೆ ಅದು ಕೆಲ್ಸ ಮಾಡೋದೇ ಸ್ಟ್ರಿಕ್ಟ್ ಅಲಿಯಾಸಿಂಗ್ ಆನ್ ಇದ್ದಾಗ, ಅಂದ್ರೆ ಮೊದ್ಲು ಪೋಸ್ಟ್ ತೋರಿಸಿದವ್ನು ಹೇಳ್ದಂಗೆ ಓ0ಗೆ ಹೋದ್ರೆ ಇರೋ ಆ ಒಂದು ವಾರ್ನಿಂಗೂ ಹೋಗುತ್ತೆ!

— ಸರಿ ಗುರು, ಇವತ್ತು ರಿಲೀಸ್ ಇದ್ರೆ ಏನ್ ಮಾಡ್ಲಿ ಹೇಳು

— ಇವತ್ತಿಗೆ ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಹಾಕಿ ಕಳ್ಸು, ಓ2 ಹಾಗೇ ಇರ್ಲಿ. ನಾಳೆ ಕೂತು ಆ ಕ್ಯಾಸ್ಟ್‌ಗಳನ್ನೆಲ್ಲ ತೆಗೆದು ಮೆಮ್‌ಕಾಪಿ (ಬೈಟ್‌ಗಳನ್ನ ನಕಲು ಮಾಡೋ ಸಿ ಫಂಕ್ಷನ್) ಹಾಕು. ಸ್ಲೋ ಆಗುತ್ತೆ ಅಂತ ಹೆದರ್ಬೇಡ, ನಾಲ್ಕು ಬೈಟ್ ಮೆಮ್‌ಕಾಪಿಯನ್ನ ಓ2 ಸಾಮಾನ್ಯವಾಗಿ ಒಂದೇ ಇನ್‌ಸ್ಟ್ರಕ್ಷನ್ ಮಾಡಿಬಿಡುತ್ತೆ