ಹಾಲ್‌ನಲ್ಲಿಟ್ಟ ಆರ್ಕಿಡ್: ಬೇರು ಒಣಗ್ತಿದೆಯೋ, ಕೊಳೀತಿದೆಯೋ?

ಪ್ರಶ್ನೆ (ವಿನೋಬನಗರ, ಶಿವಮೊಗ್ಗ): ಸರ್, ನರ್ಸರಿಯಿಂದ ತಂದ ಫೆಲನಾಪ್ಸಿಸ್ ಆರ್ಕಿಡ್ 4 ತಿಂಗಳಿಂದ ಹಾಲ್‌ನಲ್ಲಿದೆ. ಹೂ ಉದುರಿದ ಮೇಲೆ ಎಲೆ ಸುಕ್ಕುಗಟ್ಟಿ ಜೋತು ಬಿದ್ದಿದೆ. ಫೆಬ್ರವರಿಯಿಂದ ಮನೆಯೊಳಗೆ ವಿಪರೀತ ಒಣ ಹವೆ, ಫ್ಯಾನ್ ಇಲ್ಲದೆ ಕೂರಕ್ಕಾಗಲ್ಲ. ದಿನಕ್ಕೆ 3 ಸಲ ಸ್ಪ್ರೇ ಮಾಡ್ತೀನಿ. ಆದ್ರೂ ಮೇಲಿನ ಬೇರು ಬಿಳಿಚಿಕೊಂಡು ಕಡ್ಡಿಯಾಗಿವೆ. ನೀರು ಇನ್ನೂ ಜಾಸ್ತಿ ಮಾಡ್ಲಾ?

ಉತ್ತರ: ಬೇಡ ಮೇಡಂ. ಮೊದಲು ಗಿಡವನ್ನು ಕುಂಡದಿಂದ ಹೊರಗೆ ತೆಗೆದು ನೋಡಿ. ಬೇರಿಗೆ ನೀರು ಸಿಗದಿದ್ರೂ ಎಲೆ ಸುಕ್ಕಾಗುತ್ತೆ, ಬೇರು ಕೊಳೆತು ನೀರು ಎಳೆಯೋಕಾಗದಿದ್ರೂ ಸುಕ್ಕಾಗುತ್ತೆ. ಮೇಲಿಂದ ನೋಡಿದ್ರೆ ಎರಡೂ ಒಂದೇ ಥರ. ನರ್ಸರಿ ಗಿಡದ ಬುಡದಲ್ಲಿ ಸಾಮಾನ್ಯವಾಗಿ ಸ್ಫ್ಯಾಗ್ನಮ್ ಪಾಚಿಯನ್ನು ಗಟ್ಟಿಯಾಗಿ ತುರುಕಿರ್ತಾರೆ. ಮೇಲ್ಭಾಗ ಗರಿಗರಿ ಒಣಗಿದ್ರೂ ನಡುವಿನ ಮುದ್ದೆ ವಾರಗಟ್ಟಲೆ ಹಸಿಯಾಗೇ ಇರುತ್ತೆ.

ಬೇರಿನ ಮೇಲಿರೋ ಬಿಳಿ ಪದರ ಸತ್ತ ಕೋಶಗಳ ಸ್ಪಂಜು. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೆಳ್ಳಿ ಬಣ್ಣ ಕಾಣುತ್ತೆ, ನೀರು ಹೀರಿದ ಕೂಡಲೇ ಒಳಗಿನ ಹಸಿರು ಹೊರಗೆ ತೋರುತ್ತೆ. ಬೆಳ್ಳಿ ಬಣ್ಣ ರೋಗವಲ್ಲ, ನೀರು ಕೇಳ್ತಿದೆ ಅಂತ ಅರ್ಥ. ಸ್ಪ್ರೇ ಮಾಡಿದ್ದು ಫ್ಯಾನ್ ಗಾಳಿಗೆ ಕೆಲವೇ ನಿಮಿಷದಲ್ಲಿ ಹಾರಿಹೋಗುತ್ತೆ. ಎಲೆಗಳ ನಡುವಿನ ಸುಳಿಯಲ್ಲಿ ನಿಂತ ನೀರು ಮಾತ್ರ ಹೋಗಲ್ಲ. ಸುಳಿ ಕೊಳೆತರೆ ಈ ಗಿಡ ಉಳಿಯೋದು ಕಷ್ಟ. ಹಾಗಾಗಿ ಸ್ಪ್ರೇ ಬಾಟಲಿ ಬದಿಗಿಡಿ.

ಕುಂಡವನ್ನು 15 ನಿಮಿಷ ನೀರಿನಲ್ಲಿಟ್ಟರೆ ಬೇರು ಮೆತ್ತಗಾಗಿ ಮುರಿಯದೆ ಬಿಡಿಸಿಕೊಳ್ಳುತ್ತೆ. ಪಾಚಿ ಪೂರ್ತಿ ತೆಗೀರಿ. ಒಂದೊಂದೇ ಬೇರನ್ನು ಬೆರಳಲ್ಲಿ ಒತ್ತಿ ನೋಡಿ: ಗಟ್ಟಿಯಿದ್ರೆ ಜೀವ ಇದೆ, ಕಂದು ಬಣ್ಣ ಆಗಿದ್ರೂ ಸರಿ (ಬೆಳಕು ಕಾಣದ ಬೇರು ಹಾಗೇ ಇರುತ್ತೆ). ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬಂದ್ರೆ ಅದು ಹೋಯ್ತು. ಬ್ಲೇಡನ್ನು ಬೆಂಕಿಯಲ್ಲಿ ಕಾಯಿಸಿ, ಗಟ್ಟಿ ಭಾಗ ಸಿಗುವ ತನಕ ಕತ್ತರಿಸಿ. ಚಕ್ಕೆ (ದಾಲ್ಚಿನ್ನಿ) ಪುಡಿ ಕತ್ತರಿಸಿದ ತುದಿಗೆ ಮಾತ್ರ. ಇಡೀ ಬೇರಿಗೆ ಉದುರಿಸಿದ್ರೆ ಒಳ್ಳೇ ಬೇರೂ ಒಣಗುತ್ತೆ.

ಮರುನೆಡೋಕೆ ನಮ್ಮೂರಲ್ಲಿ ಸುಲಭಕ್ಕೆ ಸಿಗೋದು ತೆಂಗಿನಕಾಯಿ ಸಿಪ್ಪೆ. 2 ಸೆಂ.ಮೀ. ತುಂಡು ಮಾಡಿ 3 ದಿನ ನೆನೆಸಿ, ದಿನಾ ನೀರು ಬದಲಿಸಿ, ಕಂದು ಬಣ್ಣ ಬಿಡೋದು ಕಮ್ಮಿಯಾದ ಮೇಲೆ ಬಳಸಿ. 2 ಪಾಲು ಸಿಪ್ಪೆಗೆ 1 ಪಾಲು ಇದ್ದಿಲು. ಅಡಿಕೆ ಸಿಪ್ಪೆ ಬೇಡ. ಬೇರು ಹಿಡಿಸುವಷ್ಟೇ ಅಗಲದ, ತೂತಿರೋ ಪಾರದರ್ಶಕ ಕುಂಡ ತಗೊಂಡ್ರೆ ಬೇರಿನ ಬಣ್ಣ ನೋಡಿಯೇ ನೀರು ಕೊಡಬಹುದು. ಕುಂಡದಿಂದ ಹೊರಗೆ ಬಂದ ಬೇರನ್ನು ಒಳಗೆ ತುರುಕಬೇಡಿ.

ನೀರು ಬೆಳಿಗ್ಗೆ ಕೊಡಿ. ಬಕೆಟ್‌ನಲ್ಲಿ ಕುಂಡವನ್ನು ಅಂಚಿನ ತನಕ 10 ನಿಮಿಷ ಮುಳುಗಿಸಿ, ಪೂರ್ತಿ ಸೋರಿಸಿ ಇಡಿ. ಮಾರ್ಚ್-ಏಪ್ರಿಲ್‌ನಲ್ಲಿ 3-4 ದಿನಕ್ಕೊಮ್ಮೆ ಬೇಕಾಗಬಹುದು, ಮಳೆಗಾಲದಲ್ಲಿ 8-10 ದಿನವಾದ್ರೂ ಬೇಡ ಅನ್ನಬಹುದು. ಕ್ಯಾಲೆಂಡರ್‌ಗಿಂತ ಬೇರಿನ ಬಣ್ಣ ನಂಬಿ. ಜಾಗ ಪೂರ್ವದ ಕಿಟಕಿ ಹತ್ತಿರ, ಫ್ಯಾನ್ ಗಾಳಿ ನೇರ ಬಡಿಯದ ಕಡೆ. ಜಲ್ಲಿಕಲ್ಲಿನ ತಟ್ಟೆಯಲ್ಲಿ ನೀರಿಡೋದರಿಂದ ತೇವಾಂಶ ಅಷ್ಟೇನೂ ಏರಲ್ಲ. ನಾಲ್ಕಾರು ಗಿಡ ಒಟ್ಟಿಗಿಟ್ಟರೆ ಅದಕ್ಕಿಂತ ವಾಸಿ.

ಪ್ರಶ್ನೆ (ಸಾಗರ): ನನ್ನ ಡೆಂಡ್ರೋಬಿಯಂ ಆರ್ಕಿಡ್‌ನ ಬೇರಿನ ತುದಿ ಕಪ್ಪಾಗ್ತಿದೆ, ಕುಂಡದ ಅಂಚಲ್ಲಿ ಬಿಳಿ ಹುಡಿ. ಬೋರ್‌ವೆಲ್ ನೀರು, ವಾರಕ್ಕೊಮ್ಮೆ 19:19:19 ಗೊಬ್ಬರ ಲೀಟರಿಗೆ ಒಂದು ಚಮಚ.

ಉತ್ತರ: ಒಂದು ಚಮಚ ಅಂದ್ರೆ ಸುಮಾರು 5 ಗ್ರಾಂ. ಅರ್ಧ ಗ್ರಾಂ, ಅಂದ್ರೆ ಒಂದು ಚಿಟಿಕೆ, ಸಾಕಿತ್ತು. ಆ ಹುಡಿ ಉಪ್ಪು. ಹವೆ ಒಣಗಿದಷ್ಟೂ ನೀರು ಆರಿ ಉಪ್ಪು ಉಳ್ಕೊಂಡು ಬೇರಿನ ತುದಿ ಸುಡುತ್ತೆ. ಒಂದು ತಿಂಗಳು ಗೊಬ್ಬರ ನಿಲ್ಲಿಸಿ, ಬರೀ ನೀರನ್ನು ಕುಂಡದ ತಳದಿಂದ ಧಾರಾಳ ಹರಿದುಹೋಗುವಂತೆ ಹೊಯ್ಯಿರಿ. ಆಮೇಲೂ ಮೊದಲು ನೀರು, ಬೇರು ಹಸಿರಾದ ಮೇಲೆ ಗೊಬ್ಬರ. ಮಳೆನೀರು ಹಿಡಿದಿಟ್ಟಿದ್ರೆ ಅದೇ ಕೊಡಿ. ಶಿವಮೊಗ್ಗದವರಿಗೆ ನಲ್ಲಿಯಲ್ಲೇ ತುಂಗೆ ಬರ್ತಾಳೆ. "ತುಂಗಾ ಪಾನ" ಆರ್ಕಿಡ್‌ಗೂ ಒಗ್ಗುತ್ತೆ.

ಪ್ರಶ್ನೆ (ತೀರ್ಥಹಳ್ಳಿ): ಗಾಳಿಗೆ ಮುರಿದು ಬಿದ್ದ ಹಲಸಿನ ಕೊಂಬೆಯಲ್ಲಿ ಸೀತಾಳೆ ದಂಡೆ (ಕಾಡು ಆರ್ಕಿಡ್) ಇದೆ. ಕುಂಡಕ್ಕೆ ಹಾಕಿ ಒಳಗಿಡಬಹುದಾ?

ಉತ್ತರ: ಕುಂಡವೂ ಬೇಡ, ಹಾಲ್ ಕೂಡ ಬೇಡ. ಕೊಂಬೆಯಿಂದ ಕೀಳದೆ, ತುಂಡು ಸಮೇತ ತೋಟದ ಇನ್ನೊಂದು ಹಲಸಿಗೋ ಮಾವಿಗೋ ಅಲ್ಲಾಡದಂತೆ ಕಟ್ಟಿ. ಮಳೆ ಹಿಡಿಯುವ ತನಕ ಬೆಳಿಗ್ಗೆ ಒಂದು ಚೊಂಬು ನೀರು ಎರಚಿ. ಬಿದ್ದಿದ್ದನ್ನು ಉಳಿಸೋದು ಸರಿ, ಕಾಡಿನ ಮರದಿಂದ ಕಿತ್ತು ತರಬೇಡಿ.

ಪ್ರಶ್ನೆ (ವಿನೋಬನಗರ): ಸರ್, ಬಿಡಿಸಿ ನೋಡ್ದೆ. ನಡುವೆಲ್ಲ ಕೊಳೆತಿತ್ತು, ಗಟ್ಟಿ ಬೇರು ಎರಡೇ ಉಳಿದಿರೋದು.

ಉತ್ತರ: ಹಾಗಿದ್ರೆ ತೆಂಗಿನ ಸಿಪ್ಪೆಗೆ ಈಗಲೇ ಹಾಕಬೇಡಿ. ಹೂಕಡ್ಡಿ ಉಳಿದಿದ್ರೆ ಬುಡಕ್ಕೆ ಕತ್ತರಿಸಿ. ಹೊಸ ಪಾಚಿ ನೆನೆಸಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ, ಒಂದು ಹಿಡಿಯನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿನ ತಳಕ್ಕೆ ಹಾಕಿ. ಗಿಡವನ್ನು ಒಳಗಿಟ್ಟು ಕವರಿನ ಬಾಯಿ ಕಟ್ಟಿ, ಗಿಡದ ಬುಡ ಪಾಚಿಗೆ ತಾಗೀ ತಾಗದಂತಿರಲಿ. ಕವರಿಗೆ ನಾಲ್ಕೈದು ತೂತು, ಬೆಳಕು ಬೇಕು, ಬಿಸಿಲು ಬೇಡ. ಬಿಸಿಲಿಗಿಟ್ಟರೆ ಒಳಗೇ ಬೆಂದುಹೋಗುತ್ತೆ. ಗೊಬ್ಬರ ಸದ್ಯಕ್ಕಿಲ್ಲ. ಬೂಸ್ಟು ಕಂಡ್ರೆ ಕವರಿನ ಬಾಯಿ ಒಂದು ದಿನ ತೆರೆದಿಡಿ. ಎರಡು-ಮೂರು ತಿಂಗಳು ಹಿಡಿಯಬಹುದು. ಹಸಿರು ತುದಿಯ ಹೊಸ ಬೇರು 3 ಸೆಂ.ಮೀ. ಆದಾಗ ಫೋಟೋ ಹಾಕಿ, ಕುಂಡದ ಅಳತೆ ಆಗ ನೋಡೋಣ.