ಲಾರಿ ಮಾರ್ತಾ ಇದ್ದೀವಿ. ಅವರಿಗೆ ಒಲೆ, ನನಗೆ ಸ್ಟೀರಿಂಗ್. ನಡೆಯುತ್ತಾ?

ಹತ್ತು_ಚಕ್ರ:

ನಮಸ್ಕಾರ. ನಾವು ಹಳೇ ಹುಬ್ಬಳ್ಳಿಯವರು. ಗಂಡ ಹೆಂಡತಿ ಒಂದೇ ಲಾರಿಯಲ್ಲಿ ಒಂಬತ್ತು ವರ್ಷ ಓಡಿದ್ದೇವೆ. ಮೊದಲ ಎರಡು ವರ್ಷ ನಾನು ಕ್ಲೀನರ್ ಸೀಟಿನಲ್ಲಿ ಕೂತು ಡೀಸೆಲ್ ಲೆಕ್ಕ ಬರೆಯುತ್ತಿದ್ದೆ. ಆಮೇಲೆ ಹೆವಿ ಲೈಸೆನ್ಸ್ ಮಾಡಿಸಿಕೊಂಡೆ. ಬ್ಯಾಡಗಿಯಿಂದ ನವಿ ಮುಂಬೈನ ವಾಶಿ ಮಾರ್ಕೆಟ್‌ಗೆ ಮೆಣಸಿನಕಾಯಿ ನಮ್ಮ ಮುಖ್ಯ ಲೋಡು. ಕೊಲ್ಹಾಪುರದವರೆಗೆ ಅವರು, ಅಲ್ಲಿಂದ ನಾನು. ಬೆಳಗಿನ ಜಾವ ಖಂಬಾಟ್ಕಿ ಘಾಟ್ ದಾಟಿಸೋದು ನನ್ನ ಪಾಳಿ.

ಈಗ ಸಾಕು ಅನಿಸಿದೆ. ಅವರಿಗೆ ಸೊಂಟ ನೋವು. ಮಗಳು ಒಂಬತ್ತನೇ ಕ್ಲಾಸು, ಅಣ್ಣಿಗೇರಿಯಲ್ಲಿ ನಮ್ಮವ್ವನ ಹತ್ತಿರ ಇದ್ದಾಳೆ. ಹೋದ ತಿಂಗಳು ಹೋದಾಗ ಅಪ್ಪಿಕೊಂಡು ಮೂರು ಸಲ ಸೀನಿದಳು. "ಅವ್ವಾ, ನೀ ಬಂದಿ ಅಂದ್ರ ಮೊದ್ಲು ಮೂಗಿಗೆ ಗೊತ್ತಾಗತೈತಿ" ಅಂದಳು. ಎಲ್ಲರೂ ನಕ್ಕೆವು. ಮರುದಿನ ಅವರೇ "ಲಾರಿಗೆ ಗಿರಾಕಿ ನೋಡೋಣ" ಅಂದರು. ನನ್ನ ಕಷ್ಟ ಬೇರೆ. ಈ ರೋಡಿನಲ್ಲಿ ಯಾವ ಡಾಬಾದಲ್ಲಿ ಊಟ ಚೆನ್ನಾಗಿದೆ ಅಂತ ಕೇಳಬೇಡಿ, ಯಾವ ಪೆಟ್ರೋಲ್ ಬಂಕಿನ ಟಾಯ್ಲೆಟ್ ಬಾಗಿಲಿಗೆ ಚಿಲಕ ಇದೆ ಅಂತ ಕೇಳಿ, ಹೇಳ್ತೀನಿ.

ಮುಂದೇನು? ನೆಂಟರೆಲ್ಲ ಹೇಳೋದು ಒಂದೇ: "ಅವನು ಡ್ರೈವಿಂಗ್ ಸ್ಕೂಲ್ ಹಾಕಲಿ, ನೀನು ರೊಟ್ಟಿ ಅಂಗಡಿ ಹಾಕು." ಅವರಿಗೆ ಗೊತ್ತಿಲ್ಲದ ವಿಷಯ ಅಂದರೆ, ಒಂಬತ್ತು ವರ್ಷ ಲಾರಿಯಲ್ಲಿ ಅಡುಗೆ ಮಾಡಿದ್ದು ನಮ್ಮ ಯಜಮಾನರು. ಪಂಪ್ ಸ್ಟವ್ ಮೇಲೆ ಜೋಳದ ರೊಟ್ಟಿ ಬಡಿದು ಹಾಕ್ತಾರೆ, ಅಂಚು ಕೂಡ ಒಡೆಯಲ್ಲ. ನನ್ನ ರೊಟ್ಟಿ ಗೋವಾ ನಕ್ಷೆ ಥರ ಇರುತ್ತೆ. ಅವರಿಗೆ ಖಾನಾವಳಿ ಆಸೆ. ನನಗೆ ಹೆಂಗಸರಿಗೆ ಕಾರು ಕಲಿಸೋ ಆಸೆ. ಅವರು ಏಳನೇ ಕ್ಲಾಸು, ನಾನು ಎಸ್ಸೆಸ್ಸೆಲ್ಸಿ ಪಾಸು. ಲಾರಿಯ ಹನ್ನೊಂದು ಕಂತು ಬಾಕಿ ಇದೆ. ಈ ದಾರಿ ಹಿಡಿದವರು ಯಾರಾದರೂ ಇದ್ದರೆ ಹೇಳಿ.

ಅಮರಗೋಳ_ಮಾಜಿ:

ಅಕ್ಕಾ, ಮುಂದಿನ ಕೆಲಸ ಆಮೇಲೆ. ಮೊದಲು ಲಾರಿ ಸರಿಯಾಗಿ ಮಾರಿ. ನಾನು ಆರು ಚಕ್ರದ ಗಾಡಿಯನ್ನು ಛಾಪಾ ಕಾಗದದ ಮೇಲೆ ಬರೆಸಿಕೊಂಡು ಕೀಲಿ ಕೊಟ್ಟುಬಿಟ್ಟೆ. ಕೊಂಡವನು ಹೆಸರು ಬದಲಿಸಲೇ ಇಲ್ಲ. ಎರಡು ವರ್ಷ ಆದ ಮೇಲೆ ಎಲ್ಲೋ ಒಂದು ಬೈಕಿಗೆ ಗುದ್ದಿದ. ಕೋರ್ಟ್ ನೋಟಿಸು ನನ್ನ ಮನೆಗೆ ಬಂತು! ವಕೀಲರು ಸುಪ್ರೀಂ ಕೋರ್ಟಿನ 2018ರ ತೀರ್ಪು ತೋರಿಸಿದರು. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ. ಮಾರಿದೆ ಅಂದರೆ ಕೇಳೋರಿಲ್ಲ.

ಅದಕ್ಕೆ ಸಾಲ ತೀರಿಸಿ, ಬಾಕಿ ಇಲ್ಲ ಅನ್ನೋ ಎನ್‌ಒಸಿ ತಗೊಳ್ಳಿ, ಫಾರ್ಮ್ 35 ಕೊಟ್ಟು ಆರ್‌ಸಿ ಮೇಲಿನ ಸಾಲ ತೆಗೆಸಿ. ಆಮೇಲೆ ಹೆಸರು ಬದಲಿಸೋಕೆ ಫಾರ್ಮ್ 29, 30. ಗಿರಾಕಿ ಬೇರೆ ರಾಜ್ಯದವನಾದರೆ 28 ಕೂಡ ಬೇಕು. ಹೆಸರು ಬದಲಾದ ಮೇಲೇ ಕೀಲಿ ಕೊಡಿ. ಫಾಸ್ಟ್ಯಾಗ್ ಅನ್ನೂ ಮರೆಯದೆ ಮುಚ್ಚಿಸಿ. ನಾನು ಮರೆತಿದ್ದೆ. ಅವನು ಹತ್ತರಗಿ ಟೋಲ್ ದಾಟಿದಾಗೆಲ್ಲ ನನ್ನ ಮೊಬೈಲು ಟಿಂಗ್ ಅನ್ನುತ್ತಿತ್ತು.

ಎಲ್_ಬೋರ್ಡ್:

ಧಾರವಾಡದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸ್ತೀನಿ. ಕಲಿಸೋರಿಗೆ ನಿಯಮದಲ್ಲಿ ಮೂರು ಬೇಕು: ಹತ್ತನೇ ಕ್ಲಾಸ್ ಪಾಸು, ಐದು ವರ್ಷ ಓಡಿಸಿದ ಅನುಭವ, ಮೋಟಾರ್ ಮೆಕ್ಯಾನಿಕ್ ಸರ್ಟಿಫಿಕೇಟು. ಮೊದಲೆರಡು ನಿಮ್ಮ ಹತ್ತಿರ ಇವೆ. ನಿಮ್ಮ ಯಜಮಾನರಿಗೆ ಮೊದಲನೆಯದೇ ಇಲ್ಲ. ಅಂದರೆ ನೆಂಟರ ಪ್ಲಾನು ಕಾನೂನಿನ ಪ್ರಕಾರವೂ ನಡೆಯಲ್ಲ, ಹೇಳಿಬಿಡಿ!

ಸರ್ಟಿಫಿಕೇಟಿಗೆ ಐಟಿಐಯಲ್ಲಿ ಮೆಕ್ಯಾನಿಕ್ ಡೀಸೆಲ್ ಅಂತ ಒಂದು ವರ್ಷದ ಟ್ರೇಡ್ ಇದೆ. ಅಲ್ಲಿಯವರೆಗೆ ಅರ್ಹತೆ ಇರೋ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡು ಸ್ಕೂಲ್ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಆದರೆ ಆ ಒಂದು ವರ್ಷ ಪಾಠ ಅವರು ಮಾಡಬೇಕು, ನೀವಲ್ಲ. ಕಾರಿಗೆ ಡ್ಯುಯಲ್ ಕಂಟ್ರೋಲ್, ಅಂದರೆ ಕಲಿಸೋರ ಕಾಲ ಹತ್ತಿರವೂ ಬ್ರೇಕು, ಕ್ಲಚ್ಚು, ಕಡ್ಡಾಯ.

ಇನ್ನೊಂದು ಮಾತು, ಬೇಜಾರಾಗಬೇಡಿ. ಘಾಟ್ ಇಳಿಸೋರಿಗೆ ಕಲಿಸೋ ತಾಳ್ಮೆ ಇರುತ್ತೆ ಅಂತೇನಿಲ್ಲ. ಉಣಕಲ್ ಕ್ರಾಸಿನಲ್ಲಿ ಮುಂದೆ ಚಿಗರಿ ಬಸ್ಸು, ಹಿಂದೆ ಆಟೋ ಹಾರ್ನು, ಕಲಿಯೋರು ಮೂರನೇ ಸಲ ಗಾಡಿ ಆಫ್ ಮಾಡ್ತಾರೆ. ಆಗ ನಿಮ್ಮ ಕೈ ಸ್ಟೀರಿಂಗಿಗೆ ಹೋಗಬಾರದು, ಬಾಯಿಂದ ಹೇಳಬೇಕು. ಒಂದು ವಾರ ಬಂದು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನೋಡಿ.

ಹೆಂಗಸರು ಬೆಳಿಗ್ಗೆ ಆರೂವರೆಗೆ ಬರ್ತಾರೆ, ಜಾಸ್ತಿ ಜನ ಹೆಂಗಸರೇ ಕಲಿಸಲಿ ಅಂತಾರೆ. ಅದಂತೂ ನಿಜ.

ಗದಗ_ಕಡಕ್:

ಯಜಮಾನರಿಗೆ ಹೇಳಿ, ಖಾನಾವಳಿ ಅಂದರೆ ಬಾಡಿಗೆ, ಪಾತ್ರೆ ತೊಳೆಯೋರು, ಉಳಿದ ಸಾರು. ಮೊದಲು ಮನೆಯಲ್ಲೇ ಕಡಕ್ ರೊಟ್ಟಿ ಮಾಡಿ ಪ್ಯಾಕ್ ಮಾಡಲಿ. ಒಂದು ತಿಂಗಳಾದರೂ ಕೆಡಲ್ಲ. ಆಹಾರ ಮಾರೋರು ಮಾಡಿಸಬೇಕಾದ ಎಫ್‌ಎಸ್‌ಎಸ್‌ಎಐ ಸಣ್ಣ ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ರೊಟ್ಟಿ ಮಷೀನು ತಗೊಳ್ಳೋದಾದರೆ ಪಿಎಂಎಫ್‌ಎಂಇ ಅಂತ ಸಣ್ಣ ಆಹಾರ ಉದ್ದಿಮೆಗಳಿಗೆ ಕೇಂದ್ರದ ಯೋಜನೆ, ಸಾಲದ ಜೊತೆ ಶೇ 35 ಸಹಾಯಧನ, ನಮ್ಮ ಕೈಯಿಂದ ಶೇ 10. ನಾನು ಅದರಲ್ಲೇ ತಗೊಂಡೆ. ಈಗ ಅರ್ಜಿ ತಗೊಳ್ತಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಸೊಂಟ ನೋವಿದ್ದರೆ ಒಲೆ ಎತ್ತರದಲ್ಲಿ ಕಟ್ಟಿಸಿ, ನೆಲದ ಮೇಲೆ ಬೇಡ.

ಹತ್ತು_ಚಕ್ರ:

ಎಲ್ಲರಿಗೂ ಥ್ಯಾಂಕ್ಸ್. ಛಾಪಾ ಕಾಗದದ ಕಥೆ ಓದಿ ಹೇಳಿದೆ, ಇವರು ಅರ್ಧ ಗಂಟೆ ಮಾತಾಡಲಿಲ್ಲ. ನಾಳೆ ಬರೋ ಗಿರಾಕಿ ಅದನ್ನೇ ಕೇಳ್ತಿದ್ದನಂತೆ. ವಾಪಸ್ ಕಳಿಸ್ತೀವಿ. ಹನ್ನೊಂದು ಕಂತು ಓಡಿಸಿಯೇ ತೀರಿಸೋದು, ಅಷ್ಟರಲ್ಲಿ ಮೆಣಸಿನಕಾಯಿ ಸೀಸನ್ನೂ ಒಂದು ಸಿಗುತ್ತೆ.

ಎಲ್_ಬೋರ್ಡ್ ಅವರೇ, ಹಿಂದಿನ ಸೀಟಿಗೆ ಖಂಡಿತ ಬರ್ತೀನಿ. ಸೋಮವಾರ ಲೋಡು ಇಲ್ಲ. ಆದರೆ ನೀವು ಹೇಳಿದ ಕೈ ವಿಷಯ ಇವರಿಗೆ ಓದಿ ಹೇಳಿದಾಗ ಜೋರಾಗಿ ನಕ್ಕರು. ಕಲಿಯುವಾಗ ತಾವು ನನ್ನ ಸ್ಟೀರಿಂಗ್ ಹಿಡಿದದ್ದು ಒಂದೇ ಸಲ ಅಂತೆ, ನಿಪ್ಪಾಣಿ ಹತ್ತಿರ ತವಂದಿ ಘಾಟಿನಲ್ಲಿ. ನನ್ನ ಲೆಕ್ಕದಲ್ಲಿ ನಾಲ್ಕು ಸಲ.

ಒಂದು ಪ್ರಶ್ನೆ ಉಳೀತು: ಸೆಕೆಂಡ್ ಹ್ಯಾಂಡ್ ಕಾರಿಗೆ ಡ್ಯುಯಲ್ ಕಂಟ್ರೋಲ್ ಹುಬ್ಬಳ್ಳಿಯಲ್ಲೇ ಕೂರಿಸ್ತಾರಾ, ಬೆಳಗಾವಿಗೆ ಹೋಗಬೇಕಾ?